ಮಟ್ಟ ಮಾಡಿಸಿದ ಕಣ

ಟೆನಿಸ್ ಬಿಟ್ಟಾಗ ಬೇಜಾರಾಗಲಿಲ್ಲವೇ ಎಂದು ಜನ ಈಗಲೂ ಕೇಳುತ್ತಾರೆ. ಕೇಳುವಾಗ ಸಾವಿನ ಮನೆಗೆ ಬಂದವರ ಹಾಗೆ ಮುಖ ಮಾಡಿಕೊಂಡಿರುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಬೇಜಾರಂತೆ ಬೇಜಾರು! ಕೈ ಎತ್ತಿ ತಲೆ ಬಾಚಿಕೊಳ್ಳಲಾಗದವಳಿಗೆ ಆಟ ಬಿಡುವುದು ಬೇಜಾರಿನ ಮಾತೇ ಅಲ್ಲ. ಅದನ್ನು ಅಪ್ಪನಿಗೆ ಹೇಗೆ ಹೇಳುವುದು ಎನ್ನುವುದೊಂದೇ ನನ್ನನ್ನು ಹಿಂಡಿ ಹಾಕಿದ್ದು.

ಅಪ್ಪನಿಗೆ ಗೋಣಿಬೀಡಿನಲ್ಲಿ ಕಿರಾಣಿ ಅಂಗಡಿ, ಜಾವಳಿ ಕಡೆ ಒಂದಿಷ್ಟು ಕಾಫಿ ತೋಟ. ಎಪ್ಪತ್ತರ ದಶಕದ ಮೊದಲಲ್ಲಿ ಪ್ಲಾಂಟರುಗಳ ಕ್ಲಬ್ಬಿಗೆ ಸಾಮಾನು ಇಳಿಸಲು ಹೋದಾಗಲೆಲ್ಲ ಬೇಲಿಯ ಹೊರಗೆ ನಿಂತು ಟೆನಿಸ್ ನೋಡುತ್ತಿದ್ದರಂತೆ. ಒಂದು ದಿನ ಯಾರೋ ಮೂಲೆಗೆ ಹಾಕಿದ್ದ ರಾಕೆಟ್ಟನ್ನು ಕೇಳಿ ತಂದು ನನ್ನ ಕೈಗೆ ಕೊಟ್ಟರು. ಆಡಲು ಜಾಗ ಎಲ್ಲಿ? ನಮ್ಮಲ್ಲಿದ್ದ ಒಂದೇ ಬಯಲೆಂದರೆ ಕಾಫಿ ಒಣಗಿಸುವ ಕಣ. ಮೂಡಿಗೆರೆಯಲ್ಲಿ ಅಪ್ಪನ ಜೀಪು ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕ್ ಸಾಬರು ಹಳೆಯ ಪೈಪು ಬೆಸೆದು ಎರಡು ಕಂಬ ಮಾಡಿಕೊಟ್ಟರು. ಅಪ್ಪ ಸುಣ್ಣದಲ್ಲಿ ಗೆರೆ ಎಳೆದರು. ಕೊಯ್ಲು ಶುರುವಾದರೆ ಕಣದ ತುಂಬ ಕಾಫಿ ಹಣ್ಣು ಹರವುತ್ತಿದ್ದರು, ಆಟ ಬಂದ್. ಮಳೆಗಾಲದಲ್ಲೂ ಬಂದ್. ಉಳಿದ ತಿಂಗಳು ಸ್ಕೂಲಿಗೆ ಮೊದಲೂ ಸ್ಕೂಲು ಬಿಟ್ಟ ಮೇಲೂ ಅಲ್ಲೇ ಇರುತ್ತಿದ್ದೆ.

ಕಾಫಿ ಕಣವನ್ನು ನಮ್ಮ ಕಡೆ ಯಾರೂ ಮಟ್ಟಸವಾಗಿ ಮಾಡಿಸುವುದಿಲ್ಲ. ಅಕಾಲದಲ್ಲಿ ಮಳೆ ಬಿದ್ದರೆ ನೀರು ಹರಿದುಹೋಗಲೆಂದು ಒಂದು ಕಡೆಗೆ ಇಳಿಜಾರು ಇಟ್ಟಿರುತ್ತಾರೆ. ಮೇಲುಗಡೆ ನಾನು, ಕೆಳಗಡೆ ಅಪ್ಪ. ಅವರಿಗೆ ಆಡಲು ಬರುತ್ತಿರಲಿಲ್ಲ, ಉರುಳಿ ಬಂದ ಚೆಂಡು ಹಿಡಿದು ವಾಪಸ್ ಎಸೆಯುತ್ತಿದ್ದರು. ವರ್ಷಗಟ್ಟಲೆ ಇಳಿಜಾರಿಗೆ ಹೊಡೆದು ಕಲಿತವಳು ಓದಲು ಬೆಂಗಳೂರಿಗೆ ಹೋದ ಮೇಲೆ ಮಟ್ಟಸ ಕೋರ್ಟಿನಲ್ಲಿ ಹೊಡೆದದ್ದೆಲ್ಲ ನೆಟ್ಟಿಗೆ! ಅಲ್ಲಿಯ ಕೋಚ್ ತಲೆ ಕೆರೆದುಕೊಂಡು, "ನೀನು ಆಡಿ ಕಲಿತದ್ದು ಎಲ್ಲಮ್ಮ?" ಎಂದರು. ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಚಾಳಿ ಬಿಡಿಸುವಷ್ಟರಲ್ಲಿ ಅವರಿಗೂ ನನಗೂ ಸಾಕುಸಾಕಾಯಿತು.

ರಜೆಗೆ ಬಂದಾಗ ಮನೆಯಲ್ಲಿ ಇದನ್ನು ತಮಾಷೆಗೆಂದು ಹೇಳಿದೆ. ಅಮ್ಮ ನಕ್ಕಳು. ಅಪ್ಪ ನಗಲಿಲ್ಲ.

ಆಮೇಲೆ ಆಟವೇ ನನ್ನ ಕಸುಬಾಯಿತು. ಊರೂರು ಸುತ್ತಿದೆ, ಹೊರದೇಶಕ್ಕೂ ಹೋದೆ. ಜನ ಅಂದುಕೊಂಡ ಹಾಗೆ ಬರೀ ಕಪ್ಪು ಹಿಡಿದು ಫೋಟೋಕ್ಕೆ ನಗುವ ಕೆಲಸವಲ್ಲ ಅದು. ಬೆಳಿಗ್ಗೆ ಸೋತು, ಮಧ್ಯಾಹ್ನ ಹೋಟೆಲಿನ ಬಕೆಟ್ಟಿನಲ್ಲಿ ಬಟ್ಟೆ ಒಗೆದು, ಸಂಜೆ ಒದ್ದೆ ಬಟ್ಟೆಯ ಗಂಟು ಹೊತ್ತುಕೊಂಡು ಇನ್ನೊಂದು ಊರಿನ ರೈಲು ಹತ್ತುವುದು. ಗೆದ್ದ ದಿನಗಳೂ ಇದ್ದವು, ಸುಳ್ಳು ಯಾಕೆ ಹೇಳಲಿ, ಅವು ಬಹಳ ಚೆನ್ನಾಗಿದ್ದವು. ಎಂಬತ್ತರ ದಶಕದ ನಡುವಿನಲ್ಲಿ ಭುಜ ಕೈಕೊಟ್ಟಿತು. ಇನ್ನೂ ಆಡಿದರೆ ಈ ಕೈಯಲ್ಲಿ ಅನ್ನ ಕಲಸುವುದೂ ಕಷ್ಟವಾದೀತು ಎಂದರು ಡಾಕ್ಟರು. ನನಗೆ ಎಷ್ಟು ಹಾಯೆನಿಸಿತೆಂದರೆ ಅವರೆದುರಿಗೇ ನಕ್ಕುಬಿಟ್ಟೆ. ನಗು ನಿಂತದ್ದು ಅಪ್ಪನ ನೆನಪಾದಾಗ.

ಮಾರ್ಚ್ ಕೊನೆಯಲ್ಲಿ ಊರಿಗೆ ಬಂದೆ. ಮೊದಲು ಅಮ್ಮನ ಕಿವಿಗೆ ಹಾಕಿದೆ. ಅವಳು ಬಾಗಿಲ ಕಡೆ ನೋಡಿ, "ಈಗ್ಲೇ ಬಾಯಿ ಬಿಡ್ಬೇಡ ಮಾರಾಯ್ತಿ, ಹೂಮಳೆ ಒಂದು ಆಗ್ಲಿ" ಎಂದಳು. ಬೇಸಿಗೆಯ ಆ ದಿನಗಳಲ್ಲಿ ಒಂದು ಒಳ್ಳೆಯ ಮಳೆ ಬಿದ್ದರೆ ಕಾಫಿ ಹೂ ಬಿಡುತ್ತದೆ, ತಪ್ಪಿದರೆ ಆ ವರ್ಷದ ಫಸಲು ಹೋಯಿತು. ಅಲ್ಲಿಯವರೆಗೆ ಮನೆಯ ಯಜಮಾನರ ಮುಂದೆ ಕೆಟ್ಟ ಸುದ್ದಿ ಎತ್ತುವವರಿಲ್ಲ. ನಾನೂ ಬಾಯಿ ಮುಚ್ಚಿಕೊಂಡೆ. ಅಪ್ಪ ಮಾತ್ರ ನನ್ನನ್ನು ಎಳೆದುಕೊಂಡೇ ಹೋಗಿ ಕಣ ತೋರಿಸಿದರು. ಪೂರ್ತಿ ಕಣವನ್ನು ಅಗೆಸಿ, ಹೊಸ ಸಿಮೆಂಟು ಹಾಕಿಸಿ, ಕೇರಮ್ ಬೋರ್ಡಿನಷ್ಟು ಮಟ್ಟ ಮಾಡಿಸಿದ್ದರು.

"ಇನ್ನು ಚೆಂಡು ನೆಟ್ಟಿಗೆ ಹೋಗಲ್ಲ, ನೋಡು" ಎಂದರು. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಈ ಮನುಷ್ಯನಿಗೆ ಹೇಳುವುದಾದರೂ ಹೇಗೆ?

ವಾರ ಕಳೆದ ಮೇಲೆ ಮಳೆ ಬಂತು, ಭರ್ಜರಿಯಾಗಿ. ಬೆಳಿಗ್ಗೆ ಎದ್ದು ನೋಡಿದರೆ ಕಣದಲ್ಲಿ ಪಾದ ಮುಳುಗುವಷ್ಟು ನೀರು, ಹರಿದುಹೋಗಲು ದಾರಿಯಿಲ್ಲ. ಅಪ್ಪ ಪಂಚೆ ಎತ್ತಿ ಕಟ್ಟಿ ಪೊರಕೆಯಲ್ಲಿ ನೀರು ತಳ್ಳುತ್ತಿದ್ದರು. ನಾನೂ ಎಡಗೈಯಲ್ಲಿ ಒಂದು ಪೊರಕೆ ಹಿಡಿದೆ.

"ಇದ್ರಲ್ಲಿ ಕಾಫಿ ಹೆಂಗೆ ಒಣಗಿಸ್ತೀರಪ್ಪ?"

"ಕಾಫಿ ಹೆಂಗೋ ಆಗುತ್ತೆ. ನಿನ್ನ ಪ್ರಾಕ್ಟೀಸು ಆಗ್ಬೇಕಲ್ಲ."

"ನಾನಿನ್ನು ಆಡಲ್ಲಪ್ಪ. ಭುಜ ಹೋಯ್ತು. ನಂಗೂ ಸಾಕಾಯ್ತು."

ಪೊರಕೆ ನಿಂತಿತು. "ಇನ್ನೊಂದ್ ಸಲ ಹೇಳು" ಎಂದರು. ಹೇಳಿದೆ. ಅಪ್ಪ ಒಗೆದ ಪಂಚೆಯಲ್ಲೇ ಕಣದ ಅಂಚಿನ ನೀರಿನಲ್ಲಿ ಕುಳಿತುಬಿಟ್ಟರು.

"ಅಬ್ಬ, ದೇವ್ರು ದೊಡ್ಡವನು" ಎಂದರು. "ನಿನ್ನೊಬ್ಳನ್ನೇ ಯಾವ್ಯಾವ್ದೋ ಊರಿಗೆ ಕಳ್ಸಿ ನಾನಿಲ್ಲಿ ನೆಟ್ಟಗೆ ನಿದ್ದೆ ಮಾಡಿಲ್ಲ ಮಗಾ. ಸಾಕು ಬಾ ಅನ್ನೋ ಮಾತು ಎಷ್ಟು ಸಲ ಬಾಯಿಗೆ ಬಂದಿತ್ತು! ಹುಚ್ಚು ಹಿಡಿಸಿದೋನು ನಾನು, ನಾನೇ ಬಿಡು ಅಂದ್ರೆ ನೀನು ನೊಂದ್ಕೋತೀಯ ಅಂತ ಸುಮ್ನಿದ್ದೆ."

ನನಗೆ ಎಲ್ಲಿತ್ತೋ ಸಿಟ್ಟು, ಪೊರಕೆ ಎಸೆದೆ. "ಹಂಗಾದ್ರೆ ಈ ಕಣ ಯಾಕ್ ಮಟ್ಟ ಮಾಡ್ಸಿದ್ರಿ?"

"ಆಡೋದಾದ್ರೆ ಮನೇಲೇ ಇದ್ದು ಆಡ್ಲಿ ಅಂತ."

ಅಳು ಬಂತು, ಅದರ ಹಿಂದೆಯೇ ತಡೆಯಲಾರದ ನಗು. ಇಷ್ಟು ದಿನ ಕತ್ತಿನ ಮೇಲೆ ಕೂತಿದ್ದ ಭಾರವೆಲ್ಲ ಇಳಿದುಹೋಗಿತ್ತು. ನಾನೂ ಹೋಗಿ ಅಪ್ಪನ ಪಕ್ಕದಲ್ಲಿ ನೀರಿನಲ್ಲೇ ಕುಳಿತೆ. ಅಷ್ಟರಲ್ಲಿ ಸಾಬರು ರಿಪೇರಿಯಾದ ಜೀಪು ಬಿಡಲು ಗೇಟಿನ ಹತ್ತಿರ ಬಂದರು. ಒದ್ದೆ ಪಂಚೆಯಲ್ಲೇ ಅಪ್ಪ ಎದ್ದು ನಿಂತು ಕೂಗಿದರು: "ಸಾಬ್ರೇ! ನನ್ನ ಮಗಳು ಆಟ ಬಿಟ್ಟು ಮನೆಗೆ ಬಂದ್ಲು ಮಾರಾಯ್ರೇ!"

ನಾನು ಕಪ್ಪು ಗೆದ್ದು ಬಂದಾಗಲೂ ಅಪ್ಪ ಅಷ್ಟು ಗಟ್ಟಿಯಾಗಿ ಕೂಗಿದ್ದಿಲ್ಲ.