ಕೊಲ್ಲದವನ ಟ್ರೋಫಿ

ಆ ಕಾವಲುಗಾರನನ್ನು ಕೊಂದದ್ದು ನಾನು, ಪದ್ಮರಾಜ — ನೀನಲ್ಲ.

ಪಿಯುಸಿ ಮುಗಿದ ರಜೆ. ನಾರಾವಿಯ ನಿಮ್ಮ ಮನೆಯ ಟಿ.ವಿ. ಮುಂದೆ ನಾವಿಬ್ಬರು. ಉಳಿದ ಗೆಳೆಯರು ಚಿತ್ರ ಚೆಂದ ಉಂಟಾ, ಗುಂಡು ಹಾರುತ್ತದಾ ಎಂದು ನೋಡಿ ವಿಡಿಯೋ ಗೇಮ್ ಕೊಳ್ಳುತ್ತಿದ್ದರು. ನೀನು ಮೊದಲು ನೋಡುತ್ತಿದ್ದದ್ದು ಅದರಲ್ಲಿ ಗೆದ್ದವನಿಗೆ ತೆರೆಯ ಮೇಲೆ ಯಾವ ಟ್ರೋಫಿ ಸಿಗುತ್ತದೆ ಎಂದು. ನಾನೇನೂ ಸಾಚಾ ಅಲ್ಲ — ಬಾಗಿಲು ತೆರೆದರೂ ಟ್ರೋಫಿ ಕೊಡುವ ಸುಲಭದ ಆಟಗಳನ್ನೇ ಹುಡುಕಿ ಆಡಿ ಮಹಾಶೂರನಂತೆ ಮೆರೆದವನು. ಆ ಕಾವಲುಗಾರನಿದ್ದ ಆಟವನ್ನು ನೀನು ಕೊಂಡದ್ದು ಒಂದೇ ಟ್ರೋಫಿಗಾಗಿ: ಕೋಟೆಯೊಳಗೆ ನುಸುಳಿ, ಯಾರೊಬ್ಬರನ್ನೂ ಕೊಲ್ಲದೆ ಕೊನೆ ಮುಟ್ಟಿದವನಿಗೆ ಸಿಗುವಂಥದ್ದು. ಬಸದಿಯ ದಾರಿಯಲ್ಲಿ ಇರುವೆ ನೋಡಿ ಹೆಜ್ಜೆ ಇಡುವ ನಿನ್ನ ಅಜ್ಜಿಯ ಹಾಗೆ ನೀನು ಆಡುತ್ತಿದ್ದೆ. ನಾನು ಅಜ್ಜಿಯ ನಡಿಗೆಯನ್ನೇ ನಕಲು ಮಾಡಿ ನಿನ್ನನ್ನು ಗೋಳುಹೊಯ್ದುಕೊಳ್ಳುತ್ತಿದ್ದೆ.

ಕತ್ತಲಾದ ಮೇಲೆ ನಿಮ್ಮಲ್ಲಿ ಉಣ್ಣುವುದಿಲ್ಲ. ಆ ಸಂಜೆ ನಿನ್ನ ಅಮ್ಮ ಕರೆದ ಕೂಡಲೇ ನೀನು ಆಟ ನಿಲ್ಲಿಸಿ ಎದ್ದೆ. ನಾನು ಹಸಿವಿಲ್ಲ ಎಂದೆ.

"ಮುಟ್ಬೇಡ ಆಯ್ತಾ ಮಾರಾಯ. ಹೊತ್ತು ಮುಳುಗುವ ಮೊದ್ಲು ಉಂಡು ಬರ್ತೇನೆ."

ನಾನು ಮುಟ್ಟಿದೆ. ಯಾಕೆ — ಈಗಲೂ ತಿಳಿಯದು. ಹೊಟ್ಟೆಕಿಚ್ಚಾ? ನಿನ್ನ ತಾಳ್ಮೆಯ ಮೇಲೆ ಸಿಟ್ಟಾ? ಕೈತಪ್ಪಿ ಆದದ್ದು ಎನ್ನುವ ಎಂದರೆ, ಕಾವಲುಗಾರನ ಬೆನ್ನ ಹಿಂದೆ ಹೋಗಿ ನಿಂತದ್ದು, ಕತ್ತಿಯ ಬಟನ್ ಒತ್ತಿದ್ದು ಸ್ಪಷ್ಟ ನೆನಪುಂಟು. ಹೆದರಿ ಹೆಣವನ್ನು ಹುಲ್ಲಿನ ರಾಶಿಯ ಹಿಂದಕ್ಕೆ ಎಳೆದುಹಾಕಿದೆ. ಅಷ್ಟರಲ್ಲಿ ಆಟ ತನ್ನಷ್ಟಕ್ಕೆ ಸೇವ್ ಆಗಿಬಿಟ್ಟಿತ್ತು; ಇನ್ನು ಆ ಕೊಲೆಯನ್ನು ಅಳಿಸುವ ಹಾಗಿರಲಿಲ್ಲ. ಮೊದಲಿನ ಜಾಗಕ್ಕೇ ಬಂದು ನಿಲ್ಲಿಸಿದೆ. ನೀನು ಬಾಯಿ ಒರೆಸಿಕೊಂಡು ಬಂದಾಗ ನಾನು ಆಕಳಿಸಿದೆ.

ಮತ್ತೆ ವಾರಗಟ್ಟಲೆ ನೀನು ಆಡಿದ್ದು, ನಾನು ಪಕ್ಕದಲ್ಲೇ ಕೂತು ನೋಡಿದ್ದು... ಕೊನೆಯ ಬಾಗಿಲು ತೆರೆಯಿತು. ಟ್ರೋಫಿ ಬರಲಿಲ್ಲ. ನೀನು ತೆರೆಯಿಂದ ಕಣ್ಣು ತೆಗೆಯದೆ ಹೇಳಿದೆ: "ನಾನೇ ಯಾರನ್ನೋ ಕೊಂದಿದ್ದೇನೆ ಮಾರಾಯ. ಯಾರನ್ನು ಅಂತ್ಲೇ ಗೊತ್ತಾಗ್ಲಿಲ್ಲ."

ಆಗಲೇ ಹೇಳಬಹುದಿತ್ತು. ನಾನು ಮಾಡಿದ್ದೇನು? ಮೂಡುಬಿದಿರೆಯ ಜ್ಯೂಸ್ ಅಂಗಡಿಯಲ್ಲಿ ಗೆಳೆಯರ ಎದುರು ಆ ಮಾತನ್ನು ನಿನ್ನದೇ ಧ್ವನಿಯಲ್ಲಿ ಆಡಿ ತೋರಿಸಿದೆ. ಬಿದ್ದು ಬಿದ್ದು ನಕ್ಕರು. ಡಿಗ್ರಿ ಮುಗಿದರೂ ನಿನ್ನನ್ನು ಕಂಡರೆ ಅವರದ್ದು ಅದೇ ಮಾತು, "ಓ, ಕೊಲೆಗಾರ ಬಂದ, ದೂರ ಸರೀರಿ!" ನೀನೂ ನಗುತ್ತೀ — ಆ ಒಂದು ನಗುವನ್ನು ನಕಲು ಮಾಡಲು ನನಗೆ ಬರುವುದಿಲ್ಲ.

ಮೊನ್ನೆ ಅಂಥದ್ದೇ ಟ್ರೋಫಿ ಇರುವ ಹೊಸ ಆಟವೊಂದನ್ನು ನಿನಗೆ ತೋರಿಸಿದೆ.

"ನಂಗೆ ಬೇಡ ಮಾರಾಯ. ನನ್ನ ಕೈಯನ್ನು ನಂಬ್ಲಿಕ್ಕಾಗುದಿಲ್ಲ" ಎಂದು ಹೇಳಿ ನೀನು ಕಾರು ಓಡಿಸುವ ಆಟ ಕೊಂಡೆ.

ಟಿ.ವಿ.ಯೊಳಗಿನ ಒಂದು ಸುಳ್ಳು ಹೆಣ ಇಷ್ಟು ಭಾರ ಇರುತ್ತದಾ? ಅಥವಾ ಭಾರ ನಿನ್ನ ಆ ಮಾತಿನದ್ದಾ — ನನಗೆ ಬಿಡಿಸಲಾಗುವುದಿಲ್ಲ.

ಭಾನುವಾರ ಎಲ್ಲರೂ ಅಂಗಡಿಯಲ್ಲಿ ಸೇರುವಾಗ ಅವರಿಗೂ ಹೇಳುತ್ತೇನೆ. ಇದೂ ಮಿಮಿಕ್ರಿ ಎಂದುಕೊಂಡು ನಗುತ್ತಾರೆ, ಗೊತ್ತುಂಟು. ನಗು ನಿಲ್ಲುವವರೆಗೆ ಹೇಳುತ್ತಲೇ ಇರುತ್ತೇನೆ.