ಹಳೆಯ ಸರ್ವರಿನ ದನಿಗಳು

ಸರ್ವರ್ ಕೋಣೆಯ ಬಾಗಿಲು ತೆರೆದಾಗ ಕಾದ ಧೂಳಿನ ವಾಸನೆ ಮುಖಕ್ಕೆ ಬಡಿಯುತ್ತದಲ್ಲ, ಇವತ್ತು ಬೆಳಿಗ್ಗೆ ಟಿನ್ ಫ್ಯಾಕ್ಟರಿ ಬಳಿಯ ನಮ್ಮ ಆಫೀಸಿನಲ್ಲಿ ಅದೇ ವಾಸನೆ. ನಿಮಗದು ಬರೀ ಧೂಳು. ನನಗೆ ಶಮೀಮ್ ಮೇಡಂ ನೆನಪಾದರು.

ಅವರು ಹಲಸೂರಿನ ಸಣ್ಣ ಧ್ವನಿ ಚಿಕಿತ್ಸಾಲಯವೊಂದರ ತಂತ್ರಜ್ಞೆ. ಗಂಟಲಿನ ಕ್ಯಾನ್ಸರಿಗೆ ಧ್ವನಿಪೆಟ್ಟಿಗೆ ತೆಗೆಸಿಕೊಳ್ಳಬೇಕಾದವರು ಆಪರೇಷನ್ನಿಗೆ ಮುಂಚೆ ಅಲ್ಲಿಗೆ ಬಂದು ಹತ್ತು ನಿಮಿಷ ಮಾತಾಡಿ ಹೋಗುತ್ತಿದ್ದರು. ಮೇಡಂ ಅದನ್ನು ರೆಕಾರ್ಡ್ ಮಾಡಿ ಇಡುತ್ತಿದ್ದರು. ಏನು ಹೇಳಬೇಕೆಂದು ತೋಚದೆ ಕೆಲವರು ಮನೆಯವರ ಹೆಸರು ಕರೆಯುತ್ತಿದ್ದರಂತೆ. ಬಸ್ ಕಂಡಕ್ಟರೊಬ್ಬರು ಶಿವಾಜಿನಗರದಿಂದ ಹಿಡಿದು ಸ್ಟಾಪುಗಳನ್ನೆಲ್ಲ ಸಾಲಾಗಿ ಕೂಗಿದರಂತೆ.

ಆ ದನಿಗಳನ್ನಿಟ್ಟಿದ್ದ ಚಿಕಿತ್ಸಾಲಯದ ಸರ್ವರಿನ ಫೈಲ್ ಸಿಸ್ಟಮ್, ಅಂದರೆ ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡುವ ಪದ್ಧತಿ, ತೀರ ಹಳೆಯದು. ಹೊಸ ಯಂತ್ರಗಳು ಅದನ್ನು ಓದುವುದನ್ನೇ ಬಿಡುತ್ತಿದ್ದವು. ಎಲ್ಲವನ್ನೂ ಹೊಸದಕ್ಕೆ ಸಾಗಿಸಿ ಹಳೆಯದನ್ನು ಅಳಿಸುವ ಕೆಲಸ ನನ್ನದು. ಆಗ ನನಗೆ ನನ್ನ ಮೇಲೆ ವಿಪರೀತ ನಂಬಿಕೆ. ಊಟಕ್ಕೆ ಕೂತಾಗಲೂ ಕೊರಳಿನ ಐಡಿ ಕಾರ್ಡ್ ತೆಗೆಯುತ್ತಿರಲಿಲ್ಲ.

"ಅರೆ, ಒಂದೆರಡು ತೆಗ್ದು ಕೇಳಪ್ಪ, ಆಮೇಲೆ ಅಳ್ಸು," ಅಂದರು ಮೇಡಂ.

"ಫೈಲ್ ಕೌಂಟ್ ಕರೆಕ್ಟಾಗಿದೆ ಮೇಡಂ, ಒಂದೂ ಮಿಸ್ಸಾಗಿಲ್ಲ," ಎಂದು ಅಳಿಸಿಬಿಟ್ಟೆ.

ಮೂರು ವಾರದ ನಂತರ ವಿಮಾನಪುರದಿಂದ ಒಬ್ಬ ಹೆಂಗಸು ಬಂದರು. ಗಂಡ ತೀರಿಕೊಂಡು ಹದಿನೈದು ದಿನವಾಗಿತ್ತು. ಅವರ ದನಿ ಕೇಳಬೇಕಿತ್ತು. ಹೆಸರು ಹುಡುಕಿದೆ, ಸಿಕ್ಕಿತು. ಒತ್ತಿದೆ. ಏನೂ ಕೇಳಿಸಲಿಲ್ಲ. ಬೇರೆ ಹೆಸರುಗಳನ್ನು ಒತ್ತಿದೆ. ಅಲ್ಲೂ ಅಷ್ಟೆ. ಹಳೆಯ ಪದ್ಧತಿ ಪ್ರತಿ ಕಡತವನ್ನೂ ಎರಡು ಭಾಗ ಮಾಡಿ ಇಡುತ್ತಿತ್ತು. ಹೆಸರಿನ ಭಾಗ ಮಾತ್ರ ಬಂದಿತ್ತು, ದನಿಯ ಭಾಗ ಹಳೆಯದರಲ್ಲೇ ಉಳಿದು ಅಳಿಸಿಹೋಗಿತ್ತು.

"ಸ್ಪೀಕರ್ ಕೆಟ್ಟಿರ್ಬೇಕು, ಅಲ್ವಾ?" ಅಂದರು ಆಕೆ.

ಹೌದೆನ್ನಲು ಬಾಯಿ ತೆರೆದವನು ಮೇಡಂ ಮುಖ ನೋಡಿದೆ. "ಇಲ್ಲಮ್ಮ. ದನಿ ಹೋಗಿದೆ. ನಾನೇ ಅಳ್ಸಿದ್ದು."

ಆಕೆ ಬೈಯಲಿಲ್ಲ. "ನಾಲ್ಕು ತಿಂಗ್ಳು ಬರೀ ಸ್ಲೇಟಲ್ಲಿ ಬರ್ದೇ ಮಾತಾಡಿದ್ರು. ದನಿ ಹೇಗಿತ್ತು ಅಂತ ಮರೀತಾ ಇದೀನಪ್ಪ," ಅಂದು ಎದ್ದು ಹೋದರು.

"ಮಿಕ್ಕಿದ ಮನೆಗಳಿಗೂ ನೀನೇ ಹೇಳ್ಬೇಕು," ಎಂದು ಮೇಡಂ ಫೋನ್ ನನ್ನ ಕಡೆ ತಳ್ಳಿದರು. ಎಷ್ಟೋ ಜನ ಬೈದರು, ಒಬ್ಬರು ಅತ್ತರು. ಒಂದು ಕಡೆ ಎತ್ತಿದವರು ಏನೂ ಅನ್ನಲಿಲ್ಲ. ಎಲ್ಲ ಹೇಳಿ ಮುಗಿಸಿದ ಮೇಲೂ ಉಸಿರು ಮಾತ್ರ ಕೇಳುತ್ತಿತ್ತು. ರೋಗಿಯೇ ಫೋನೆತ್ತಿದ್ದಾರೆಂದು ಆಗ ಹೊಳೆಯಿತು.

ಇವತ್ತು ನಿವೃತ್ತಿಯಾಗಬೇಕಾದ ಸರ್ವರಿನಲ್ಲಿರುವುದು ಬರೀ ಗೋದಾಮಿನ ಪಟ್ಟಿಗಳು. ಆದರೂ ಅಳಿಸುವ ಮುಂಚೆ ಎರಡು ದಿನ ಬೇಕೆಂದೆ.

"ಎರಡು ದಿನ ಏನ್ಮಾಡ್ತೀಯ ಗುರು?" ಅಂದ ಮ್ಯಾನೇಜರ್.

"ಓದ್ತೀನಿ," ಅಂದೆ.

ಅವನು ನಕ್ಕ. ನಾನು ಕುರ್ಚಿ ಎಳೆದುಕೊಂಡು ಮೊದಲನೆಯ ಪಟ್ಟಿ ತೆರೆದೆ.