ಕೊಬ್ಬರಿ ಗೋಡೌನಿಗೆ ಆಳು ಆರಿಸಿದ ವರ್ಷ

ಅರಸೀಕೆರೆಯಲ್ಲಿ ನಮ್ಮ ಮಾವನವರದು ಕೊಬ್ಬರಿ ವ್ಯಾಪಾರ. ರೈಲ್ವೆ ಸ್ಟೇಷನ್ನಿನ ಹತ್ತಿರ ಗೋಡೌನು, ಅದಕ್ಕೆ ಅಂಟಿಕೊಂಡೇ ಮನೆ. ಅಡುಗೆಮನೆಯ ಹಿಂಬಾಗಿಲು ತೆಗೆದರೆ ಕೊಬ್ಬರಿಯ ರಾಶಿ ಕಾಣುತ್ತಿತ್ತು. ಹಳೇಬೀಡಿನಿಂದ ಮದುವೆಯಾಗಿ ಬಂದ ಹೊಸದರಲ್ಲಿ ಆ ಕಮಟು ವಾಸನೆಗೆ ನನಗೆ ಊಟವೇ ಸೇರುತ್ತಿರಲಿಲ್ಲ. ಎರಡು ವರ್ಷ ಕಳೆಯುವಷ್ಟರಲ್ಲಿ ಆ ವಾಸನೆ ಇದೆ ಎಂಬುದೇ ಮರೆತುಹೋಗಿತ್ತು.

ಹಳ್ಳಿಗಳಿಂದ ಬಂದ ಉಂಡೆ ಕೊಬ್ಬರಿಯನ್ನು ಮಾರ್ಕೆಟ್ಟಿನಲ್ಲಿ ಕೊಂಡು, ಆರಿಸಿ, ಚೀಲ ತುಂಬಿ ಉತ್ತರದ ಊರುಗಳಿಗೆ ಕಳಿಸಬೇಕು. ಕೊಳ್ಳುವುದು, ಹೊರುವುದು, ಕಳಿಸುವುದು ಎಲ್ಲ ಗಂಡಸರದು. ಆರಿಸುವವರು ಮಾತ್ರ ಹೆಂಗಸರು. ಆ ಹೆಂಗಸರನ್ನು ನೋಡಿ ಕೆಲಸಕ್ಕೆ ಇಟ್ಟುಕೊಳ್ಳುವುದು ನಮ್ಮ ಅತ್ತೆಯವರ ಜವಾಬ್ದಾರಿಯಾಗಿತ್ತು. ಅವರು ತೀರಿಕೊಂಡ ಮೇಲೆ ಅದು ನನ್ನ ಪಾಲಿಗೆ ಬಂತು. ಎಪ್ಪತ್ತರ ದಶಕದ ಕೊನೆಯ ಮಾತು ಇದು. ನನಗೆ ಆಗ ಇಪ್ಪತ್ತಾರು. ಸೊಸೆ ಎಸ್ಸೆಸ್ಸೆಲ್ಸಿ ಪಾಸಾದವಳು, ಆಳುಗಳನ್ನು ಸರಿಯಾಗಿ ನೋಡಿ ತೆಗೆದುಕೊಳ್ಳುತ್ತಾಳೆ ಎಂದು ಮಾವನವರು ಬಂದವರ ಮುಂದೆಲ್ಲ ಹೇಳುತ್ತಿದ್ದರು. ಆ ಮಾತು ಕೇಳಿ ನಾನೂ ಸ್ವಲ್ಪ ಬಿಗುವಾದೆ ಎಂದು ಈಗ ಅನ್ನಿಸುತ್ತದೆ.

ಅತ್ತೆಯವರ ಕಾಲದಲ್ಲಿ ಹೆಂಗಸರು ಕೂಸುಗಳನ್ನು ಕಟ್ಟಿಕೊಂಡೇ ಕೆಲಸಕ್ಕೆ ಬರುತ್ತಿದ್ದರು. ನಾನು ವಹಿಸಿಕೊಂಡ ಮೊದಲ ವರ್ಷವೂ ಹಾಗೇ ನಡೆದಿತ್ತು. ಒಂದು ಮಧ್ಯಾಹ್ನ, ಇನ್ನೂ ಅಂಬೆಗಾಲಿಡುತ್ತಿದ್ದ ಒಂದು ಮಗು ಕೊಬ್ಬರಿ ಚೂರನ್ನು ಬಾಯಿಗೆ ಹಾಕಿಕೊಂಡು, ಅದು ಗಂಟಲಿಗೆ ಸಿಕ್ಕಿ ಉಸಿರು ಕಟ್ಟಿತು. ಮುಖ ನೀಲಿಯಾಯಿತು. ಅದರ ತಾಯಿ ಕೂಗಿಕೊಳ್ಳುವುದನ್ನು ಬಿಟ್ಟು ಬೇರೇನೂ ಮಾಡಲಾರದೆ ನಿಂತಳು. ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಬೆರಳು ಹಾಕಿ ಚೂರನ್ನು ಈಚೆಗೆ ಎಳೆದಳು. ಮಗು ಉಳಿಯಿತು. ಅವತ್ತು ಸಂಜೆಯೇ, ಇನ್ನು ಮೇಲೆ ಎಳೇ ಮಗು ಇರುವವರನ್ನು ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ನಾನೇ ಹೇಳಿದೆ. ಮಾವನವರು, "ಒಳ್ಳೇದಾಯ್ತು ಬಿಡಮ್ಮ, ನಾಳೆ ಹೆಚ್ಚುಕಮ್ಮಿ ಆದ್ರೆ ಯಾರು ಉತ್ತರ ಕೊಡೋರು" ಎಂದರು. ಕಟ್ಟಳೆ ಹುಟ್ಟಿದ್ದು ಹಾಗೆ, ಒಳ್ಳೆಯದಕ್ಕೇ.

ಎರಡು ವರ್ಷದ ಮೇಲೆ ನನಗೆ ಎರಡನೆಯ ಮಗಳು ಹುಟ್ಟಿದಳು. ಅವಳಿಗೆ ಐದು ತಿಂಗಳು ತುಂಬಿದಾಗ ದೊಡ್ಡ ಲಾಟು ಕಳಿಸುವುದಕ್ಕಿತ್ತು. ಇನ್ನೂ ಆರು ಜನ ಹೆಂಗಸರು ಬೇಕಾದರು. ಬೆಳಗ್ಗೆ ಗೋಡೌನಿನ ಬಾಗಿಲಲ್ಲಿ ಬೆಂಚು ಹಾಕಿಸಿಕೊಂಡು ಕೂತೆ. ಇಪ್ಪತ್ತು ಮಂದಿಯಾದರೂ ಗೋಡೆಯ ಪಕ್ಕ ಸಾಲಾಗಿ ಕುಕ್ಕರುಗಾಲಲ್ಲಿ ಕೂತಿದ್ದರು. ಒಬ್ಬೊಬ್ಬರ ಮುಂದೆಯೂ ಒಂದು ಮೊರ ಕೊಬ್ಬರಿ ಇಟ್ಟು, ತಿನ್ನುವುದಕ್ಕೆ ಯಾವುದು, ಎಣ್ಣೆಗೆ ಯಾವುದು, ಕೆಟ್ಟದ್ದು ಯಾವುದು ಎಂದು ಬೇರೆ ಮಾಡಿಸಿ ನೋಡುತ್ತಿದ್ದೆ.

ಅವಳು ಸಾಲಿನ ಕೊನೆಯಲ್ಲಿದ್ದಳು. ಇಪ್ಪತ್ತರ ಸುಮಾರು, ಸಣಕಲು ಮೈ, ಒಗೆದು ಒಗೆದು ಬಣ್ಣ ಬಿಟ್ಟ ಸೀರೆ. ಮೊರಕ್ಕೆ ಕೈ ಹಾಕಿದ್ದೇ ತಡ, ಕೊಬ್ಬರಿ ಮೂರು ಗುಂಪಾಗಿ ಬಿದ್ದುಬಿಟ್ಟವು. ದುಂಡಗೆ, ಲಕ್ಷಣವಾಗಿದ್ದ ಒಂದನ್ನು ಅವಳು ಕೆಟ್ಟದ್ದರ ಜೊತೆಗೆ ಹಾಕಿದಳು.

"ಅದ್ಯಾಕೆ ಅಲ್ಲಿಗೆ ಹಾಕಿದೆ? ಚೆನ್ನಾಗಿದೆಯಲ್ಲ" ಎಂದೆ.

"ಒಳಗೆ ಕೆಟ್ಟೈತೆ ಕಣ್ರಮ್ಮ. ಕೈಗೆ ಹಗೂರ ಬಂತು."

ಗುಮಾಸ್ತರಿಗೆ ಹೇಳಿ ಒಡೆಸಿದೆ. ಒಳಗೆ ಬೂಷ್ಟು ಹಿಡಿದು ಹಸಿರಾಗಿತ್ತು. ಗುಮಾಸ್ತರು ನನ್ನ ಮುಖ ನೋಡಿದರು. ನನಗೂ ಖುಷಿಯಾಯಿತು.

"ಯಾವೂರು ನಿಂದು?"

"ಗೆಂಡೆಹಳ್ಳಿ ತಾವ. ನಮ್ಮೋರಿಗೆ ಇಲ್ಲಿ ಗೂಡ್ಸ್ ಶೆಡ್ಡಲ್ಲಿ ಹೊರೋ ಕೆಲ್ಸ ಸಿಕ್ತು. ಅತ್ತೇನೂ ಕರ್ಕಂಡು ಬಂದ್ವಿ."

ಬೇಲೂರು ಕಡೆಯವಳು, ನನ್ನ ತೌರಿನ ತಾಲ್ಲೂಕಿನವಳು. ಮನಸ್ಸು ಇನ್ನಷ್ಟು ಹತ್ತಿರವಾಯಿತು. ಆದರೂ ಕೇಳಬೇಕಾದ್ದನ್ನು ಕೇಳಿದೆ.

"ಮಕ್ಕಳು?"

"ಇಲ್ಲ."

"ಎಳೇ ಮಗು ಇದ್ರೆ ಈಗ್ಲೇ ಹೇಳಿಬಿಡು. ಆಮೇಲೆ ಗೊತ್ತಾದ್ರೆ ನಾನು ಇಟ್ಕೊಳ್ಳೋದಿಲ್ಲ."

"ಇಲ್ಲ ಕಣ್ರಮ್ಮ" ಎಂದಳು, ಮೊರದ ಕಡೆ ನೋಡುತ್ತಾ. ನಾಳೆಯಿಂದ ಬಾ ಎಂದೆ.

ನಾಲ್ಕನೆಯ ದಿನವೋ ಐದನೆಯ ದಿನವೋ ಇರಬೇಕು. ಹೆಂಗಸರ ನಡುವೆ ನಿಂತು ಏನನ್ನೋ ಹೇಳುತ್ತಿದ್ದಾಗ ಮನೆಯೊಳಗೆ ನನ್ನ ಮಗಳು ಅಳುವುದು ಕೇಳಿಸಿತು. ಹಸಿವಿನ ಅಳು. ನನಗೆ ಎದೆ ಬಿಗಿದು ಹಾಲು ಇಳಿದಂತಾಯಿತು. ಹಿಂಬಾಗಿಲ ಕಡೆ ತಿರುಗಿದವಳು ಆ ಗೆಂಡೆಹಳ್ಳಿಯವಳನ್ನು ನೋಡಿದೆ. ಅವಳ ಕೈ ನಿಂತುಹೋಗಿತ್ತು. ಕುಪ್ಪಸದ ಎದೆಯ ಮೇಲೆ ಎರಡು ಕಡೆಯೂ ಒದ್ದೆ ಹರಡುತ್ತಿತ್ತು. ನನ್ನ ಕಣ್ಣು ಅಲ್ಲಿಗೆ ಹೋದದ್ದನ್ನು ನೋಡಿ ಅವಳು ಸೆರಗನ್ನು ಎಳೆದು ಮುಚ್ಚಿಕೊಂಡಳು.

ನಾನು ಒಳಗೆ ಹೋಗಿ ಮಗಳನ್ನು ಎತ್ತಿಕೊಂಡು ಹಾಲು ಕೊಟ್ಟೆ. ಕೊಡುತ್ತಾ ಯೋಚಿಸಿದೆ. ಕೇಳಿದರೆ ಅವಳು ಒಪ್ಪಿಕೊಳ್ಳಬೇಕಾಗುತ್ತದೆ. ಒಪ್ಪಿಕೊಂಡರೆ ನಾನು ಬಿಡಿಸಬೇಕು, ಇಲ್ಲವೇ ನನ್ನ ಮಾತನ್ನು ನಾನೇ ಮುರಿಯಬೇಕು. ಹಾಗೆ ಮುರಿದರೆ ನಾಳೆ ಹತ್ತು ಜನ ಕೂಸು ಎತ್ತಿಕೊಂಡು ಬರುತ್ತಾರೆ. ಅವಳನ್ನು ಬಿಟ್ಟರೆ ಅಂಥ ಕೈ ಮತ್ತೆ ಸಿಗುವುದಿಲ್ಲ. ಅವಳ ಮನೆಯಲ್ಲಿ ಅತ್ತೆ ಇದ್ದಾಳಲ್ಲ, ಮಗುವನ್ನು ನೋಡಿಕೊಳ್ಳುತ್ತಾಳೆ ಎಂದುಕೊಂಡೆ. ನಾನು ಕೇಳದೇ ಇರುವುದೇ ಅವಳಿಗೆ ಮಾಡುವ ಉಪಕಾರ ಎಂದು ನನ್ನನ್ನು ನಾನೇ ನಂಬಿಸಿಕೊಂಡೆ.

ಮಧ್ಯಾಹ್ನ ಊಟದ ಹೊತ್ತಿಗೆ ಉಳಿದವರು ಬುತ್ತಿ ಬಿಚ್ಚುತ್ತಿದ್ದರೆ ಅವಳು ಓಡುತ್ತಿದ್ದಳು. ರೈಲ್ವೆ ಹಳಿ ದಾಟಿ ಆಚೆ ಕಡೆ, ಗುಡಿಸಲುಗಳಿದ್ದ ಜಾಗದಲ್ಲಿ ಅವಳ ಮನೆ. ಹೋಗಿ ಬರುವಷ್ಟರಲ್ಲಿ ಏದುಸಿರು ಬಿಡುತ್ತಿದ್ದಳು. ಗೂಡ್ಸ್ ಗಾಡಿ ಅಡ್ಡ ನಿಂತಿದ್ದರೆ ಇನ್ನೂ ತಡ. ಗುಮಾಸ್ತರು ಒಂದು ದಿನ, "ಆ ಹೆಂಗಸು ದಿನಾ ಲೇಟು ಕಣಮ್ಮ, ಉಳಿದೋರು ಗೊಣಗ್ತಾವ್ರೆ" ಎಂದರು. ಅವಳನ್ನು ಕರೆದೆ.

"ಮಧ್ಯಾಹ್ನ ಎಲ್ಲಿಗೆ ಹೋಗ್ತೀಯ?"

"ಅತ್ತೆಗೆ ಕಣ್ಣು ಮಂಜು. ಮುದ್ದೆ ಇಕ್ಕಿ ಬತ್ತೀನಿ ಅಮ್ಮಾರೆ."

ಅದು ಪೂರ್ತಿ ಸುಳ್ಳಲ್ಲ ಎಂದು ಆಮೇಲೆ ತಿಳಿಯಿತು.

"ಬೆಳಗ್ಗೆನೇ ಇಕ್ಕಿಟ್ಟು ಬಾ. ನಿನಗೊಬ್ಬಳಿಗೆ ಬಿಟ್ರೆ ಉಳಿದೋರಿಗೆ ಏನು ಹೇಳ್ಲಿ?" ಎಂದೆ. ಗದರಲಿಲ್ಲ. ಮೆತ್ತಗೇ ಹೇಳಿದೆ. ಇವತ್ತಿಗೂ ನನ್ನ ಕಿವಿಯಲ್ಲಿ ಉಳಿದಿರುವುದು ನನ್ನ ಆ ಮೆತ್ತನೆಯ ದನಿಯೇ.

ಮಾರನೆಯ ದಿನದಿಂದ ಅವಳು ಓಡುವುದನ್ನು ನಿಲ್ಲಿಸಿದಳು. ಎಲ್ಲರ ಜೊತೆ ಕೂತು ಉಂಡಳು. ಒಂದು ದಿನ ನಾನು ನೀರಿಗೆಂದು ನಲ್ಲಿಯ ಹತ್ತಿರ ಹೋದಾಗ, ಗೋಡೌನಿನ ಹಿಂದುಗಡೆ ಗೋಡೆಗೆ ಮುಖ ಮಾಡಿ ನಿಂತಿದ್ದ ಅವಳು ಕಾಣಿಸಿದಳು. ಬಗ್ಗಿ ಎದೆಯ ಹಾಲನ್ನು ಮಣ್ಣಿಗೆ ಹಿಂಡುತ್ತಿದ್ದಳು. ಬೆನ್ನು ನನ್ನ ಕಡೆಗಿತ್ತು. ನಾನು ಬಿಂದಿಗೆ ತುಂಬಿಸದೆ ವಾಪಸು ಬಂದೆ. ಸದ್ದಾಗದ ಹಾಗೆ ಬಂದೆ.

ಹೀಗೆ ಮೂರು ವಾರ. ಲಾಟು ಮುಗಿಯುತ್ತಾ ಬಂದಿತ್ತು. ಒಂದು ಸೋಮವಾರ ಅವಳು ಬರಲಿಲ್ಲ. ಮಂಗಳವಾರವೂ ಇಲ್ಲ. ಅದೇ ಗುಡಿಸಲುಗಳ ಕಡೆಯಿಂದ ಬರುತ್ತಿದ್ದ ಇನ್ನೊಬ್ಬ ಹೆಂಗಸನ್ನು ಕೇಳಿದೆ.

"ಅವಳ ಕೂಸು ಹೋಯ್ತು ಅಮ್ಮಾರೆ. ಭೇದಿ ಕಿತ್ಕಂಡಿತ್ತು. ಆಸ್ಪತ್ರೆಗೆ ಒಯ್ಯೋಷ್ಟರಾಗೆ ಮುಗುದೋಯ್ತು."

"ಎಷ್ಟು ತಿಂಗಳದ್ದು?"

"ನಿಮ್ಮ ಪಾಪುಗಿಂತ ಒಂದು ತಿಂಗಳು ಚಿಕ್ಕದು. ಗಂಡು."

ವಿಷಯ ತಿಳಿದ ಮಾವನವರು, "ಮಗು ಇಲ್ಲ ಅಂತ ಹೇಳಿದ್ಲಲ್ಲ ಅವಳು? ನಾವೇನು ಮಾಡೋಕಾಗುತ್ತೆ" ಎಂದರು. ಕೆಟ್ಟ ಮನುಷ್ಯರಲ್ಲ ಅವರು. ನಾನು ಕಂಡದ್ದು ಅವರಿಗೆ ಗೊತ್ತಿರಲಿಲ್ಲ, ಅಷ್ಟೇ.

ಮಗಳನ್ನು ಮನೆಕೆಲಸದವಳ ಕೈಗೆ ಕೊಟ್ಟು ನಾನು ಹಳಿ ದಾಟಿ ಹೋದೆ. ಮದುವೆಯಾಗಿ ಬಂದ ಮೇಲೆ ಆ ಕಡೆ ಕಾಲಿಟ್ಟಿದ್ದು ಅದೇ ಮೊದಲು. ಹತ್ತಿರವೇ ಇತ್ತು. ಇಷ್ಟು ಹತ್ತಿರ ಎಂದು ನಾನು ಎಣಿಸಿರಲಿಲ್ಲ. ಗುಡಿಸಲ ಮುಂದೆ ಅವಳ ಅತ್ತೆ ಕೂತಿದ್ದಳು. ಯಾರೋ ಬಂದರೆಂದು ತಿಳಿದು ಮುಖ ಎತ್ತಿದಳು, ಕಣ್ಣು ನನ್ನ ಮೇಲೆ ನಿಲ್ಲಲಿಲ್ಲ. "ಹಾಲಿಗೆ ನೀರು ಬೆರಸಿ ಕುಡುಸ್ತಿದ್ದೆ ಕಣವ್ವ. ರಾಗಿ ಸರಿ ಮಾಡಿ ತಿನ್ನುಸ್ತಿದ್ದೆ. ನೀರಾಗೆ ಏನಿತ್ತೋ, ಪಾತ್ರೇಲಿ ಏನಿತ್ತೋ, ನಂಗೆ ಕಾಣ್ತಿರ್ಲಿಲ್ಲ" ಎಂದಳು. ಕೇಳುವವರು ಇರಲಿ ಬಿಡಲಿ, ಅದನ್ನೇ ಮತ್ತೆ ಮತ್ತೆ ಹೇಳುತ್ತಿದ್ದಳು.

ಅವಳು ಒಳಗೆ ಗೋಡೆಗೆ ಒರಗಿ ಕೂತಿದ್ದಳು. ಹಾಲು ಇಂಗಲಿ ಎಂದು ಯಾರೋ ಅವಳ ಎದೆಗೆ ಮಲ್ಲಿಗೆ ಹೂವು ಇಟ್ಟು ಬಟ್ಟೆ ಬಿಗಿದು ಕಟ್ಟಿದ್ದರು. ಆ ಸಣ್ಣ ಗುಡಿಸಲಿನ ತುಂಬ ಮಲ್ಲಿಗೆಯ ವಾಸನೆ. ನಾನು ಕೆಳಗೆ ಕೂತೆ. ಅವಳು ನನ್ನನ್ನು ನೋಡಿದಳು, ಸೆರಗು ಸರಿ ಮಾಡಿಕೊಂಡಳು.  ನಾನು ಎದ್ದು ಬಂದೆ. ಮನೆಗೆ ಬಂದು ಮಗಳನ್ನು ಮಡಿಲಿಗೆ ಹಾಕಿಕೊಂಡಾಗ ಅವಳು ಚೀಪುವ ಸದ್ದು ಕೇಳಲಾಗದೆ ಕಿವಿಗೆ ಸೆರಗು ಸುತ್ತಿಕೊಂಡೆ.

ಹದಿನೈದು ದಿನದ ಮೇಲೆ ಅವಳು ಕೆಲಸಕ್ಕೆ ಬಂದಳು. ತನ್ನ ಜಾಗದಲ್ಲಿ ಕೂತು ಮೊರ ಎಳೆದುಕೊಂಡಳು. ಕೈ ಮೊದಲಿನಂತೆಯೇ ಓಡುತ್ತಿತ್ತು. ಉಳಿದ ಹೆಂಗಸರು ಅವಳ ಹತ್ತಿರ ದನಿ ತಗ್ಗಿಸಿ ಮಾತಾಡುತ್ತಿದ್ದರು. ಅವತ್ತು ಸಂಜೆ ಎಲ್ಲರೂ ಹೊರಡುವಾಗ ಅವಳನ್ನು ನಿಲ್ಲಿಸಿಕೊಂಡೆ. 

"ನನಗೆ ಗೊತ್ತಿತ್ತು ಕಣೇ" ಎಂದೆ. "ಮೊದಲಿಂದಲೂ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ."

ಅವಳು ಕೈಯಲ್ಲಿದ್ದ ಬುತ್ತಿಯ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದಳು.

"ನಿಮಗೆ ಗೊತ್ತೈತೆ ಅಂತ ನಂಗೂ ಗೊತ್ತಿತ್ತು ಅಮ್ಮಾರೆ. ಅವತ್ತು ನನ್ನ ಕುಪ್ಪಸ ನೋಡುದ್ರಲ್ಲ. ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ ನೋಡ್ತಿದ್ದೆ. ಬಿಡುಸ್ತಾರೆ ಅಂತ ಅಲ್ಲ. ನೀವೂ ಹಾಲು ಕೊಡೋ ತಾಯಿ, ಕೂಸ್ನ ಎತ್ಕಂಬಾ ಅಂದಾರು ಅಂತ."

ಸಿಟ್ಟಿನಿಂದ ಹೇಳಲಿಲ್ಲ. ಅಳಲೂ ಇಲ್ಲ. ನನ್ನನ್ನು ಸಮಾಧಾನ ಮಾಡುವವಳಂತೆ, "ನಾನಾರ ಬಾಯ್ಬಿಟ್ಟು ಕೇಳ್ಬೌದಿತ್ತು" ಎಂದು ಸೇರಿಸಿದಳು. ಅದನ್ನು ಕೇಳಿ ಕೊಬ್ಬರಿ ಚೀಲದ ಮೇಲೆ ಕೂತು ಅತ್ತುಬಿಟ್ಟೆ. ಅವಳು, "ಬತ್ತೀನಿ ಅಮ್ಮಾರೆ, ಅತ್ತೆ ಒಬ್ಳೇ ಅವಳೆ" ಎಂದು ಹೋದಳು.

ಆ ತಿಂಗಳು ತುಂಬುವವರೆಗೆ ಬಂದಳು. ಆಮೇಲೆ ಗಂಡ ಹೆಂಡತಿ ಇಬ್ಬರೂ ಮುದುಕಿಯನ್ನು ಕರೆದುಕೊಂಡು ಊರಿಗೆ ಹೋದರು ಎಂದು ಉಳಿದ ಹೆಂಗಸರಿಂದ ತಿಳಿಯಿತು. ನನಗೆ ಹೇಳಿ ಹೋಗಲಿಲ್ಲ. ಯಾಕೆ ಹೇಳಬೇಕು?

ಮುಂದಿನ ಸಲ ಆಳುಗಳನ್ನು ತೆಗೆದುಕೊಳ್ಳುವಾಗ ಮಾವನವರಿಗೆ ಹೇಳಿದೆ. ಗೋಡೌನಿನ ಪಕ್ಕದ ಚಪ್ಪರದಲ್ಲಿ ಜೋಲಿ ಕಟ್ಟಿಸುತ್ತೇನೆ, ಕೂಸುಗಳನ್ನು ನೋಡಿಕೊಳ್ಳುವುದಕ್ಕೇ ಒಬ್ಬ ಹೆಂಗಸನ್ನು ಇಟ್ಟುಕೊಳ್ಳುತ್ತೇನೆ ಎಂದೆ. "ಗೋಡೌನ್ ನಡೆಸೋದೋ, ಶಿಶುವಿಹಾರ ನಡೆಸೋದೋ?" ಎಂದರು. ಹಾಗಾದರೆ ಆಳು ಆರಿಸುವುದಕ್ಕೆ ನಾನು ಬಾಗಿಲಲ್ಲಿ ಕೂರುವುದಿಲ್ಲ ಎಂದೆ. ಅವರಿಗೆ ಎದುರಾಡಿದ್ದು ಅದೊಂದೇ ಸಲ. ಅಲ್ಲೇ ಕೂತಿದ್ದ ನಮ್ಮ ಯಜಮಾನರು ಎದ್ದು ಹೋಗಿ ಹಗ್ಗ ತಂದರು. ಆ ವರ್ಷ ನಾಲ್ಕು ಜೋಲಿ ಕಟ್ಟಿದೆವು. ಹಿಂದೆ ಮಗುವಿನ ಬಾಯಿಂದ ಚೂರು ತೆಗೆದಿದ್ದ ಮುದುಕಿಯನ್ನೇ ಅವುಗಳನ್ನು ನೋಡಿಕೊಳ್ಳಲು ಇಟ್ಟೆ. ಎಲ್ಲವೂ ಸಲೀಸಾಗಿ ನಡೆಯಿತು. ಅಷ್ಟು ಸುಲಭವಾಗಿತ್ತು ಅದು. ಸುಲಭವಾಗಿದ್ದದ್ದೇ ನನಗೆ ತಡೆಯಲಾಗದ ಸಂಕಟವಾಯಿತು.

ಒಂದು ದಿನ ತೌರಿಗೆ ಹೋಗುತ್ತೇನೆಂದು ಮನೆಯಲ್ಲಿ ಹೇಳಿ ಬೆಳಗ್ಗೆಯೇ ಬಸ್ಸು ಹತ್ತಿದೆ. ಹಳೇಬೀಡಿನಲ್ಲಿ ಇಳಿಯದೆ ಬೇಲೂರಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಗೆಂಡೆಹಳ್ಳಿಗೆ ಹೋದೆ. ಅಂಗಡಿಯಲ್ಲಿ, ಹೋಟೆಲಿನಲ್ಲಿ ಅವಳ ಬಗ್ಗೆ ವಿಚಾರಿಸಿದೆ. ಕೊನೆಗೆ ರಾಗಿ ಒಣಹಾಕುತ್ತಿದ್ದ ಒಬ್ಬ ಹೆಂಗಸಿಗೆ ಅವರ ಗುರುತು ಹತ್ತಿತು.

"ಅರ್ಸೀಕೆರೆಗೆ ಹೋಗಿದ್ರಲ್ಲ, ಅವ್ರಾ? ಬಂದ ಮೇಲೆ ಮುದುಕಿ ತೀರ್ಕಂಡ್ಳು. ಅವರಿಬ್ರೂ ಕಾಫಿ ತೋಟದ ಕಡೆ ಹೋದ್ರು. ಯಾವ ತೋಟಾನೋ ಕಾಣೆ."

"ಮಕ್ಕಳಾದ್ವಾ ಅವಳಿಗೆ?"

"ಗೊತ್ತಿಲ್ಲ ಕಣವ್ವ. ನೀವು ಅವಳಿಗೆ ಏನಾಗ್ಬೇಕು?"

ಕೆಲಸಕ್ಕಿದ್ದಳು ಎಂದೆ. ಅದನ್ನು ಬಿಟ್ಟು ಬೇರೆ ಏನು ಹೇಳುವುದಕ್ಕೂ ತೋಚಲಿಲ್ಲ.

ವಾಪಸು ಬರುವಾಗ ಹಳೇಬೀಡಿನಲ್ಲಿ ಇಳಿದೆ. ಹೊತ್ತು ಮುಳುಗಲು ಇನ್ನೂ ಸ್ವಲ್ಪ ಸಮಯವಿತ್ತು. ನಾವು ಜೈನರು, ನಮ್ಮ ಮನೆಗಳಲ್ಲಿ ಕತ್ತಲಾದ ಮೇಲೆ ಊಟವಿಲ್ಲ. ಅಮ್ಮ ನನ್ನನ್ನು ಕಂಡವರೇ, "ಇದೇನೇ, ಹೇಳದೆ ಕೇಳದೆ? ಮಕ್ಕಳೆಲ್ಲಿ?" ಎಂದು ಗಾಬರಿಯಾದರು. ಅರಸೀಕೆರೆಯಲ್ಲಿದ್ದಾರೆ, ಚೆನ್ನಾಗಿದ್ದಾರೆ ಎಂದೆ. "ಸರಿ, ಮೊದಲು ಕೈಕಾಲು ತೊಳಿ, ಹೊತ್ತು ಹೋಗೋದ್ರೊಳಗೆ ಎರಡು ತುತ್ತು ಉಣ್ಣು" ಎಂದು ಎಲೆ ಹಾಕಿದರು. ಅನ್ನಕ್ಕೆ ಸಾರು ಕಲಸಿಕೊಂಡು ಕೂತೆ. ತುತ್ತು ಬಾಯಿಗೆ ಹೋಗಲಿಲ್ಲ. ಅಮ್ಮ ಎದುರಿಗೆ ಕೂತು ಏನಾಯಿತೆಂದು ಎರಡು ಸಲ ಕೇಳಿದರು, ಆಮೇಲೆ ಕೇಳುವುದನ್ನು ಬಿಟ್ಟು ನನ್ನ ಬೆನ್ನ ಮೇಲೆ ಕೈ ಇಟ್ಟರು. ಹೊರಗೆ ಬೆಳಕು ಪೂರ್ತಿ ಹೋಗುವವರೆಗೂ ನಾವಿಬ್ಬರೂ ಹಾಗೇ ಕೂತಿದ್ದೆವು. ಆಮೇಲೆ ಅಮ್ಮ ಎಲೆ ಎತ್ತಿದರು.